ತಿಪ್ಪೆ ಕೆದರಿದ ಕೋಳಿಗೆ ಹುಳುವಿನ ಸುಂಕ

ಯುಗಾದಿಯ ಮರುದಿನ ಹೊಸತೊಡಕು. ಮಂಡ್ಯ, ಮೈಸೂರು, ರಾಮನಗರದ ಕಡೆ ಅಂದು ನಾಟಿಕೋಳಿ ಸಾರು ಆಗಲೇಬೇಕು. ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆದ ಕೋಳಿಯ ಹೊಟ್ಟೆ ಸೀಳುವಾಗ ಕತ್ತಿ ತಗುಲಿ ಕರುಳು ಬಿಚ್ಚಿಕೊಂಡರೆ, ಒಳಗಿನಿಂದ ಬೆಂದ ಶ್ಯಾವಿಗೆಯ ಹಾಗೆ ಬೆಳ್ಳಗಿನ ಹುಳುಗಳು ಹೊರಬೀಳುವುದುಂಟು. ನೋಡಿದವರು ಮುಖ ಸಿಂಡರಿಸಿ, ಕರುಳನ್ನು ಆಚೆ ಎಸೆದು, ಕೈ ತೊಳೆದುಕೊಂಡು ಮಸಾಲೆ ರುಬ್ಬಲು ಹೋಗುತ್ತಾರೆ. ಮಾಂಸಕ್ಕೇನೂ ಆಗಿಲ್ಲ, ಸಾರಿಗೂ ದೋಷವಿಲ್ಲ. ಆದರೆ ಅದೇ ಅಂಗಳದಲ್ಲಿ ಇನ್ನೂ ಹತ್ತು ಕೋಳಿ ಓಡಾಡುತ್ತಿದ್ದರೆ, ಆ ಕರುಳು ಮನೆಯವರಿಗೆ ಪುಕ್ಕಟೆ ಸಿಕ್ಕ ಪ್ರಯೋಗಾಲಯದ ವರದಿ. ಓದದೇ ಎಸೆಯುತ್ತೇವೆ, ಅಷ್ಟೆ.

ಆ ಬಿಳಿ ಹುಳುವಿನ ಶಾಸ್ತ್ರೀಯ ಹೆಸರು ಅಸ್ಕರಿಡಿಯಾ ಗಾಲಿ. ನಮ್ಮ ಮಕ್ಕಳ ಹೊಟ್ಟೆಯಲ್ಲಿ ಬರುವ ಜಂತುಹುಳುವಿನ ದಾಯಾದಿ. ಬಲಿತ ಹೆಣ್ಣುಹುಳು ಹತ್ತು, ಹನ್ನೆರಡು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ದಾಯಾದಿಯಾದರೂ ಮನುಷ್ಯರ ಹೊಟ್ಟೆಯಲ್ಲಿ ಅದಕ್ಕೆ ಬಾಳುವೆ ಇಲ್ಲ. ಎಲ್ಲೋ ಅಪರೂಪಕ್ಕೆ ಒಂದು ಹುಳು ದಾರಿ ತಪ್ಪಿ ಹಿಂಬಾಗಿಲಿನಿಂದ ಮೊಟ್ಟೆಯ ನಾಳಕ್ಕೆ ನುಗ್ಗಿಬಿಡುತ್ತದೆ. ಅಲ್ಲಿ ಅದರ ಮೇಲೂ ಬಿಳಿಲೋಳೆ, ಅದರ ಮೇಲೆ ಚಿಪ್ಪು ಕಟ್ಟಿಕೊಂಡು ಮೊಟ್ಟೆಯ ಜೊತೆ ಹೊರಬರುತ್ತದೆ. ಆಮ್ಲೆಟ್ಟಿಗೆ ಒಡೆದ ಮೊಟ್ಟೆಯಲ್ಲಿ ಅದು ಕಂಡವರು ಮತ್ತೆಂದೂ ಆ ಮನೆಯ ಮೊಟ್ಟೆ ಕೊಳ್ಳಲಾರರು. ಅಪಾಯವಿಲ್ಲ, ಅಸಹ್ಯ ಮಾತ್ರ. ಆದರೆ ನಾಟಿಮೊಟ್ಟೆಯ ವ್ಯಾಪಾರ ನಿಂತಿರುವುದೇ ನಂಬಿಕೆಯ ಮೇಲಲ್ಲವೇ?

ಆ ವ್ಯಾಪಾರ ಈಗ ಸಣ್ಣದೂ ಅಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲಲ್ಲಿ ಸಾಕಿದ ಕೋಳಿಗಳು ಸುಮಾರು 31.7 ಕೋಟಿ, 2012ರ ಗಣತಿಗಿಂತ ಶೇ 46ರಷ್ಟು ಹೆಚ್ಚು. ನಮ್ಮಲ್ಲಿ ಹಳೆಯ ನಾಟಿ ತಳಿಗಳ ಜೊತೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಕೋಳಿಗಳೂ ಹಳ್ಳಿಹಳ್ಳಿಗೆ ಹೋಗಿವೆ. ಎಲ್ಲವೂ ಮಣ್ಣಿನ ಮೇಲೆ ಓಡಾಡಿ, ತಿಪ್ಪೆ ಕೆದರಿ, ಸಿಕ್ಕಿದ್ದು ಹೆಕ್ಕಿ ತಿನ್ನುವ ಜೀವಗಳು. ರುಚಿ ಬರುವುದೂ ಅದರಿಂದಲೇ, ಹುಳು ಬರುವುದೂ ಅದರಿಂದಲೇ.

ಪಂಜರದ ಕೋಳಿಗೆ ಈ ಕಾಟ ಕಡಿಮೆ. ತಂತಿಯ ನೆಲದ ಮೇಲೆ ನಿಂತ ಕೋಳಿಯ ಹಿಕ್ಕೆ ಕೆಳಗೆ ಬೀಳುತ್ತದೆ, ಮತ್ತೆ ಕೊಕ್ಕಿಗೆ ಸಿಗುವುದಿಲ್ಲ. ಯುರೋಪಿಯನ್ ಒಕ್ಕೂಟ ಹಳೆಯ ಮಾದರಿಯ ಬ್ಯಾಟರಿ ಪಂಜರಗಳನ್ನು ಕ್ರೂರವೆಂದು 2012ರ ಜನವರಿಯಿಂದ ನಿಷೇಧಿಸಿತು. ಕೋಳಿಗಳು ಪಂಜರದಿಂದಿಳಿದು ನೆಲ ಮುಟ್ಟಿದವು, ಹುಲ್ಲು ಕಂಡವು. ಅವುಗಳ ಹಿಂದೆಯೇ, ಬಹುಮಟ್ಟಿಗೆ ಮರೆತೇಹೋಗಿದ್ದ ಹುಳುಗಳೂ ಮರಳಿ ಬಂದವು. ನಮ್ಮ ಹಿತ್ತಲ ಕೋಳಿ ಮೊದಲಿನಿಂದಲೂ ಈ ಸುಂಕ ಕಟ್ಟಿಕೊಂಡೇ ಬಂದಿದೆ. ಒಂದೂ ಹುಳುವಿಲ್ಲದ ನಾಟಿಕೋಳಿ ಬೇಕೆಂದರೆ ಅದನ್ನು ಪಂಜರಕ್ಕೆ ಹಾಕಬೇಕಾಗುತ್ತದೆ, ಆಗ ಅದು ನಾಟಿಕೋಳಿಯಾಗಿ ಉಳಿಯುವುದಿಲ್ಲ. ಹಾಗಾಗಿ ನಾಲ್ಕು ಹುಳುವಿದ್ದರೂ ಕೋಳಿ ಮೈತುಂಬಿಕೊಂಡು ಮೊಟ್ಟೆಯಿಡುವಂತೆ ನೋಡಿಕೊಂಡರೆ ಸಾಕು. ಇದನ್ನು ಒಪ್ಪಿಕೊಂಡವರಿಗೆ ಮುಂದಿನ ಲೆಕ್ಕವೆಲ್ಲ ಸಲೀಸು.

ಲೆಕ್ಕ ಶುರುವಾಗುವುದು ಅಂಗಳದಿಂದ. ಕರುಳಿನ ಹುಳು ಹಾಕುವ ಸಾವಿರಾರು ಮೊಟ್ಟೆಗಳು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ಬಿದ್ದ ದಿನವೇ ಕೋಳಿ ತಿಂದರೆ ಏನೂ ಆಗುವುದಿಲ್ಲ. ತೇವ ಮತ್ತು ಬೆಚ್ಚಗಿನ ಹವೆ ಎರಡೂ ಸಿಕ್ಕಿ ಹತ್ತರಿಂದ ಇಪ್ಪತ್ತು ದಿನ ಕಳೆದ ಮೇಲಷ್ಟೇ ಮೊಟ್ಟೆಯೊಳಗೆ ಮರಿಹುಳು ತಯಾರಾಗುತ್ತದೆ. ಆಮೇಲೆ ಕೆದರುವ ಕೋಳಿಯ ಕೊಕ್ಕಿಗೆ ಸಿಕ್ಕಿ ಹೊಟ್ಟೆ ಸೇರಿದರೆ, ಅಲ್ಲಿ ಒಡೆದು, ಮರಿಹುಳು ಕರುಳಿನ ಒಳಪದರದಲ್ಲಿ ತಲೆ ಹುದುಗಿಸುತ್ತದೆ. ಕೋಳಿಗೆ ನಿಜವಾದ ಹಾನಿ ಆಗುವುದು ಆ ಒಂದೆರಡು ವಾರದಲ್ಲೇ: ಪದರ ಕೆರೆದು ರಕ್ತ ಒಸರುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಬಳಿಕ ಹುಳು ಹೊರಬಂದು ಕರುಳಿನ ಬಯಲಲ್ಲಿ ಬಲಿತು ತಾನೂ ಮೊಟ್ಟೆಯಿಡಲು ಶುರುಮಾಡುತ್ತದೆ. ಕೋಳಿ ನುಂಗಿದ ದಿನದಿಂದ ಅಲ್ಲಿಗೆ ಐದರಿಂದ ಎಂಟು ವಾರ. ಎಳೆಯ ಕೋಳಿಯಲ್ಲಿ ಬೇಗ, ಬಲಿತ ಕೋಳಿಯಲ್ಲಿ ನಿಧಾನ. ಮೂರು ತಿಂಗಳು ದಾಟಿದ ಕೋಳಿಗೆ ಒಂದಿಷ್ಟು ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ. ಆದ್ದರಿಂದ ಹೊಡೆತ ಬೀಳುವುದೆಲ್ಲ ತಾಯಿಯ ಹಿಂದೆ ಓಡಾಡುವ ಮರಿಗಳಿಗೆ, ಆ ಹೊಡೆತಕ್ಕೆ ಬೇಕಾದ ಮೊಟ್ಟೆಗಳನ್ನು ಉದುರಿಸುತ್ತ ಹೋಗುವುದು ಹಳೆಯ ಹ್ಯಾಟೆಗಳು.

ನೆಲದಲ್ಲಿ ಬಿದ್ದ ಮೊಟ್ಟೆಗೆ ಗಟ್ಟಿ ಕವಚವಿದೆ. ಫಿನಾಯಿಲ್ ಸುರಿದರೆ ಸಾಯುವುದಿಲ್ಲ, ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷ ಮೀರಿಯೂ ಜೀವ ಹಿಡಿದು ಕೂರುತ್ತದೆ. ಅದು ಹೆದರುವುದು ಒಣಗುವುದಕ್ಕೆ, ಸುಡುಬಿಸಿಲಿಗೆ. ರಾಯಚೂರಿನ ಬೇಸಗೆಯ ಬಿಸಿಲು ಬೀಳುವ ಬೋಳು ಅಂಗಳಕ್ಕೂ ಕೊಪ್ಪ, ತೀರ್ಥಹಳ್ಳಿಯ ಮಳೆಗಾಲದ ಹಿತ್ತಲಿಗೂ ಇರುವ ವ್ಯತ್ಯಾಸ ಇಲ್ಲೇ. ಎಲ್ಲ ಜಿಲ್ಲೆಗೂ ಒಂದೇ ವೇಳಾಪಟ್ಟಿ ಬರೆದುಕೊಡುವ ಕರಪತ್ರಗಳ ಬಗ್ಗೆ ನನಗೆ ಗುಮಾನಿ ಇರುವುದು ಇದರಿಂದಲೇ.

ಲಾಡಿಹುಳುವಿನ ದಾರಿ ಬೇರೆ. ಅದರ ಮೊಟ್ಟೆಯನ್ನು ಕೋಳಿ ನೇರವಾಗಿ ತಿಂದರೆ ಏನೂ ಆಗದು. ನಡುವೆ ಒಬ್ಬ ದಲ್ಲಾಳಿ ಬೇಕು. ಕೆಲವಕ್ಕೆ ಇರುವೆ, ಕೆಲವಕ್ಕೆ ಸಗಣಿ ತಿಪ್ಪೆಯ ಜೀರುಂಡೆ, ಇನ್ನು ಕೆಲವಕ್ಕೆ ಮನೆನೊಣ. ಒಂದು ಜಾತಿಯಂತೂ ಬಸವನಹುಳುವನ್ನು ಆಶ್ರಯಿಸಿದೆ. ಆ ಲಾಡಿಹುಳು ನಾಲ್ಕು ಮಿಲಿಮೀಟರ್ ದಾಟುವುದಿಲ್ಲ, ಬರಿಗಣ್ಣಿಗೆ ಕಾಣುವುದೇ ಕಷ್ಟ. ಸಂಖ್ಯೆ ಹೆಚ್ಚಾದರೆ ಎಲ್ಲಕ್ಕಿಂತ ಕೇಡು ಅದೇ. ಇರುವೆಯಿಂದ ಬರುವ ರೈಲೆಟಿನಾ ಜಾತಿಯ ಹುಳುಗಳು ಒಂದು ಗೇಣಿನಷ್ಟು ಉದ್ದ ಬೆಳೆಯುತ್ತವೆ. ಅವುಗಳಲ್ಲೊಂದು ಕರುಳಿನ ಗೋಡೆಗೆ ತಲೆ ಊರಿದ ಕಡೆಯಲ್ಲೆಲ್ಲ ಗಂಟು ಕಟ್ಟುತ್ತದೆ. ಹೊರಗಿನಿಂದಲೇ ಕಾಣುವ ಆ ಗಂಟುಗಳು ಕ್ಷಯದ ಗಂಟುಗಳೇನೋ ಎಂದು ವೈದ್ಯರನ್ನೂ ಒಮ್ಮೆ ಅನುಮಾನಕ್ಕೆ ತಳ್ಳುತ್ತವೆ. ಬದುಕಿರುವ ಕೋಳಿಯಲ್ಲಿ ಲಾಡಿಹುಳುವಿನ ಗುರುತು ಹಿಡಿಯಬೇಕೆಂದರೆ ಬೆಳಗಿನ ಹಸಿ ಹಿಕ್ಕೆಯನ್ನು ಬಗ್ಗಿ ನೋಡಬೇಕು. ಮೇಲೆ ಬಿಳಿ ತುಣುಕುಗಳಿದ್ದು, ಒಂದು ನಿಮಿಷ ದಿಟ್ಟಿಸಿದರೆ ಅವು ತಾವಾಗಿಯೇ ಹಿಗ್ಗಿ ಕುಗ್ಗಿ ಸರಿದಾಡಿದರೆ, ಬೇರೆ ಪರೀಕ್ಷೆ ಬೇಕಿಲ್ಲ.

ಮೂರನೆಯದೊಂದು ಹುಳುವಿದೆ, ಹೆಟೆರಾಕಿಸ್. ಕರುಳಿನ ಕೊನೆಯಲ್ಲಿ ಕೋಳಿಗೆ ಎರಡು ಕುರುಡು ಚೀಲಗಳಿವೆಯಲ್ಲ, ಅಲ್ಲಿ ಇದರ ವಾಸ. ಉದ್ದ ಒಂದೂವರೆ ಸೆಂಟಿಮೀಟರ್ ಮೀರದು. ಕೋಳಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆದರೂ ಜಗತ್ತಿನ ಕೋಳಿಸಾಕಣೆಯ ಚರಿತ್ರೆಯಲ್ಲಿ ದೊಡ್ಡ ಅನಾಹುತ ಮಾಡಿದ್ದು ಈ ಸಾಧು ಹುಳುವೇ. 1890ರ ದಶಕದಲ್ಲಿ ಅಮೆರಿಕದ ರೋಡ್ ಐಲೆಂಡ್ ಸುತ್ತಮುತ್ತ ಟರ್ಕಿಕೋಳಿಗಳು ಹಿಂಡುಹಿಂಡಾಗಿ ಸಾಯತೊಡಗಿದವು. ಗಂಧಕದ ಬಣ್ಣದ ಭೇದಿ, ಪಿತ್ತಜನಕಾಂಗದ ತುಂಬ ದುಂಡನೆಯ ಹುಣ್ಣು, ಕೆಲವಕ್ಕೆ ತಲೆಯೂ ಕಪ್ಪಿಡುತ್ತಿತ್ತು. ದನಗಳ ಟೆಕ್ಸಸ್ ಜ್ವರವನ್ನು ಉಣ್ಣೆ ಹರಡುತ್ತದೆಂದು ಅದಕ್ಕೆ ಸ್ವಲ್ಪ ಮೊದಲಷ್ಟೇ ತೋರಿಸಿಕೊಟ್ಟಿದ್ದ ಥಿಯೊಬಾಲ್ಡ್ ಸ್ಮಿತ್ 1895ರಲ್ಲಿ ಟರ್ಕಿಯ ಈ ರೋಗದ ಏಕಕೋಶ ಜೀವಿಯನ್ನು ವಿವರಿಸಿದ. ರೋಗಾಣು ಸಿಕ್ಕಿತು, ಅದು ಹರಡುವ ಬಗೆ ಸಿಗಲಿಲ್ಲ. ಹಿಕ್ಕೆಯಲ್ಲಿ ಹೊರಬಿದ್ದ ಆ ಜೀವಿ ಗಾಳಿ ತಗುಲಿದರೆ ಕೆಲವೇ ಗಂಟೆಗಳಲ್ಲಿ ಸಾಯುವಂಥದ್ದು. ಅಂಥದ್ದು ವರ್ಷ ಬಿಟ್ಟು ಅದೇ ಹೊಲದಲ್ಲಿ ಬಿಟ್ಟ ಹೊಸ ಟರ್ಕಿಗಳನ್ನು ಕೊಲ್ಲುವುದು ಹೇಗೆ? ಉತ್ತರ ಸಿಗಲು ಕಾಲು ಶತಮಾನವೇ ಬೇಕಾಯಿತು. ಸ್ಮಿತ್ ಮತ್ತು ಅವನ ಸಹೋದ್ಯೋಗಿ ಗ್ರೇಬಿಲ್ 1920ರಲ್ಲಿ ತೋರಿಸಿದ ಪ್ರಕಾರ, ಆ ರೋಗಾಣು ಹೆಟೆರಾಕಿಸ್ ಹುಳುವಿನ ಮೊಟ್ಟೆಯೊಳಗೆ ಬಚ್ಚಿಟ್ಟುಕೊಂಡು ಮಣ್ಣಿನಲ್ಲಿ ಕಾಯುತ್ತದೆ. ಆ ಮೊಟ್ಟೆಯನ್ನು ಎರೆಹುಳು ನುಂಗಿದರಂತೂ ಅಲ್ಲಿ ಇನ್ನೂ ಭದ್ರ. ಆರೋಗ್ಯವಾಗಿರುವ ಕೋಳಿ ಹುಳುವನ್ನು ಸಾಕುತ್ತದೆ, ಹುಳು ರೋಗಾಣುವನ್ನು ಸಾಕುತ್ತದೆ, ಸಾಯುವುದು ಮಾತ್ರ ಟರ್ಕಿ.

ಈ ಹಳೆಯ ಕತೆ ನಮಗೇಕೆ ಎನ್ನಬೇಡಿ. ತೋಟದ ಮನೆಗಳಲ್ಲಿ ನಾಟಿಕೋಳಿಯ ಜೊತೆಗೇ ನಾಲ್ಕು ಟರ್ಕಿ, ಎರಡು ಗಿನಿಕೋಳಿ ಬಿಡುವ ಶೋಕಿ ಈಚೆಗೆ ಹೆಚ್ಚಾಗಿದೆ. ಟರ್ಕಿಗೆ ಬೇರೆ ಜಾಗವಿಲ್ಲದಿದ್ದರೆ ಟರ್ಕಿ ತರಬೇಡಿ.

ಈ ಮೂರು ಬಗೆಯ ಹುಳುಗಳಲ್ಲದೆ ಕೂದಲಿನಷ್ಟು ತೆಳ್ಳಗಿನ ಕ್ಯಾಪಿಲೇರಿಯಾ ಇದೆ, ಶ್ವಾಸನಾಳದಲ್ಲಿ ಗಂಡುಹೆಣ್ಣು ಸದಾ ಜೋಡಿಯಾಗಿ ಅಂಟಿಕೊಂಡೇ ಇರುವ ಕೆಂಪು ಹುಳುವೂ ಇದೆ. ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುವ ಕೋಳಿಯಲ್ಲಿ ಈ ಎರಡನೆಯದರ ಅನುಮಾನ ಬರಬಹುದು. ಆದರೆ ಹಾಗೆ ಉಸಿರೆಳೆಯುವ ಕೋಳಿಯಲ್ಲಿ ಮೊದಲು ಯೋಚಿಸಬೇಕಾದದ್ದು ಕೊಕ್ಕರೆ ರೋಗವನ್ನು, ನೆಗಡಿಯ ಜಾತಿಯ ಸೋಂಕುಗಳನ್ನು.

ಗುರುತಿಸುವುದರಲ್ಲಿ ಎಡವುವುದು ಹೆಚ್ಚು. ಜುಟ್ಟು ಬಿಳಿಚಿದೆ, ರೆಕ್ಕೆ ಜೋತುಬಿದ್ದಿದೆ, ಮೇವು ತಿಂದರೂ ಮೈ ಹಿಡಿಯುತ್ತಿಲ್ಲ, ಮೊಟ್ಟೆ ಕಡಿಮೆಯಾಗಿದೆ ಎಂದರೆ ಹುಳು ಇರಬಹುದು. ಆದರೆ ಇಷ್ಟೇ ಲಕ್ಷಣ ಇನ್ನೂ ಹತ್ತು ಕಾಯಿಲೆಗಳಿಗೂ ಉಂಟು. ಹಿಕ್ಕೆಯಲ್ಲಿ ರಕ್ತ ಕಂಡರೆ, ಅದರಲ್ಲೂ ಎರಡು ತಿಂಗಳೊಳಗಿನ ಮರಿಗಳಲ್ಲಿ ಕಂಡರೆ, ಅದು ಹೆಚ್ಚಾಗಿ ರಕ್ತಭೇದಿ. ಅದನ್ನು ತರುವುದು ಹುಳುವಲ್ಲ, ಏಕಕೋಶ ಜೀವಿ. ಹುಳುವಿನ ಯಾವ ಔಷಧಿಯೂ ಅದಕ್ಕೆ ನಾಟುವುದಿಲ್ಲ. ದಿನಕ್ಕೆ ಕೆಲವು ಸಲ ಆರೋಗ್ಯವಂತ ಕೋಳಿಯೂ ಕಂದು ಬಣ್ಣದ, ಅಂಟುಅಂಟಾದ, ಗಬ್ಬುನಾತದ ಹಿಕ್ಕೆ ಹಾಕುತ್ತದೆ. ಕುರುಡು ಚೀಲಗಳು ಖಾಲಿಯಾಗುವ ಪರಿ ಅದು. ಅದನ್ನು ಕಂಡು ಔಷಧದ ಅಂಗಡಿಗೆ ಓಡುವ ಅಗತ್ಯವಿಲ್ಲ. ಕಣ್ಣಿಗಿಂತ ಕೈ ಹೆಚ್ಚು ನಿಜ ಹೇಳುತ್ತದೆ. ರಾತ್ರಿ ಗೂಡಿನಲ್ಲಿ ಕೂತ ಕೋಳಿಯನ್ನು ಎತ್ತಿಕೊಂಡು ಎದೆಯ ಮೂಳೆಯ ಎರಡೂ ಬದಿ ಬೆರಳಾಡಿಸಿ. ಮಾಂಸ ತುಂಬಿಕೊಂಡಿದ್ದರೆ ಮೂಳೆಯ ಅಂಚು ಅಷ್ಟಾಗಿ ಸಿಗುವುದಿಲ್ಲ. ಕತ್ತಿಯ ಅಲಗಿನಂತೆ ಕೈಗೆ ತಾಗಿದರೆ ಆ ಕೋಳಿ ಸೊರಗುತ್ತಿದೆ, ಗರಿಯ ಮರೆಯಲ್ಲಿ ನಿಮಗೆ ಕಂಡಿರಲಿಲ್ಲ.

ಇನ್ನು ಔಷಧಿ. ಹುಳುವಿಗೆ ಕೊಡಿ ಎಂದು ಅಂಗಡಿಯವನನ್ನು ಕೇಳಿದರೆ ಅವನು ಯಾವುದೋ ಒಂದನ್ನು ಕೊಡುತ್ತಾನೆ. ಆದರೆ ಎಲ್ಲಕ್ಕೂ ಆಗುವ ಒಂದು ಔಷಧಿ ಇಲ್ಲ. ಪೈಪರಜಿನ್ ಹಳೆಯದು, ಅಗ್ಗ, ಕೋಳಿಗೆ ಸೌಮ್ಯ. ಅಸ್ಕರಿಡಿಯಾದಂಥ ದುಂಡುಹುಳುವಿಗೆ ಲಕ್ವ ಹೊಡೆಸಿ ಹಿಕ್ಕೆಯ ಜೊತೆ ಹೊರತಳ್ಳುತ್ತದೆ. ಆದರೆ ಕರುಳಿನ ಬಯಲಲ್ಲಿರುವ ಬಲಿತ ಹುಳುವಿಗಷ್ಟೇ ಅದು ಮುಟ್ಟುವುದು, ಪದರದಲ್ಲಿ ಹುದುಗಿದ ಮರಿಹುಳು ಹಾಗೇ ಉಳಿಯುತ್ತದೆ. ಅದಕ್ಕೇ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕು ಎನ್ನುವುದು. ಲೆವಾಮಿಸೋಲ್ ಇನ್ನಷ್ಟು ಜೋರು, ಅಳತೆ ತಪ್ಪಿದರೆ ಕೋಳಿಗೂ ಜೋರು. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದೇ ಮನೆತನದವು. ಹುಳುವಿಗೆ ಸಕ್ಕರೆಯ ಅಂಶ ದಕ್ಕದಂತೆ ಮಾಡಿ ನಿಧಾನಕ್ಕೆ ಉಪವಾಸ ಕೆಡವುತ್ತವೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶಾಲೆಯಲ್ಲಿ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಮಾತ್ರೆಯೂ ಈ ಆಲ್ಬೆಂಡಜೋಲೇ. ಲಾಡಿಹುಳುವಿಗೆ ಪಕ್ಕಾ ಮದ್ದು ಪ್ರಾಜಿಕ್ವಾಂಟೆಲ್. ಐವರ್‌ಮೆಕ್ಟಿನ್ ಹೆಸರು ಎಲ್ಲರ ಬಾಯಲ್ಲೂ ಇದೆ; ಅದನ್ನು ಕಂಡುಕೊಟ್ಟವರಿಗೆ 2015ರಲ್ಲಿ ನೊಬೆಲ್ ಕೂಡ ಬಂತು. ಲಾಡಿಹುಳುವಿನ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ.

ಅಳತೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಕೋಳಿಗೆಂದು ಯಾರೂ ಬೇರೆ ಬಾಟಲಿ ತರುವುದಿಲ್ಲ, ಕುರಿಗೆ ತಂದದ್ದರಲ್ಲೇ ಉಳಿದದ್ದನ್ನು ಹನಿಸುತ್ತಾರೆ. ಆಲ್ಬೆಂಡಜೋಲ್ ದ್ರಾವಣ ಶೇ 2.5ರದ್ದೂ ಇದೆ, ಶೇ 10ರದ್ದೂ ಇದೆ. ಮೊದಲನೆಯದರ ಒಂದು ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಔಷಧಿ, ಎರಡನೆಯದರಲ್ಲಿ 100. ಪಕ್ಕದ ಮನೆಯವರು ಹೇಳಿದ ‘ಕೋಳಿಗೆ ಇಷ್ಟು ಹನಿ’ ಎಂಬ ಲೆಕ್ಕ ಯಾವ ಬಾಟಲಿಯದ್ದೆಂದು ಗೊತ್ತಿಲ್ಲದೆ ಹನಿಸಿದರೆ ನಾಲ್ಕು ಪಟ್ಟು ಹೆಚ್ಚಾಗಬಹುದು, ಇಲ್ಲವೇ ಕಾಲು ಪಾಲಿಗೆ ಇಳಿಯಬಹುದು. ಅಡುಗೆಮನೆಯ ತಕ್ಕಡಿಯಲ್ಲಿ ಒಂದೆರಡು ಕೋಳಿ ತೂಗಿ, ಆ ತೂಕವನ್ನೂ ಬಾಟಲಿಯ ಚೀಟಿಯನ್ನೂ ಪಶುವೈದ್ಯರಿಗೆ ತೋರಿಸಿ ಮಿಲಿಲೀಟರಿನಲ್ಲೇ ಬರೆಸಿಕೊಳ್ಳುವುದು ಐದು ನಿಮಿಷದ ಕೆಲಸ. 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನವೂ ಸಿಗುವ ಕಾಲವಿದು.

ಕುಡಿಸುವುದರಲ್ಲೂ ಒಂದು ಹಿಕ್ಮತ್ತು ಬೇಕು. ನೀರಿಗೆ ಬೆರೆಸಿಟ್ಟು ಕೋಳಿಗಳನ್ನು ಬಿಟ್ಟುಬಿಟ್ಟರೆ ಅವು ಬಚ್ಚಲ ನೀರು ಕುಡಿದು ಬರುತ್ತವೆ. ಬೆಳಿಗ್ಗೆ ಗೂಡು ತೆರೆಯದೆ, ಒಂದೆರಡು ಗಂಟೆ ಬಾಯಾರಿಸಿ, ಅವು ಅಷ್ಟು ಹೊತ್ತಿನಲ್ಲಿ ಮುಗಿಸುವಷ್ಟು ನೀರಿಗೆ ಮಾತ್ರ ಔಷಧಿ ಬೆರೆಸಿ ಒಳಗೇ ಇಡಬೇಕು. ಏಳೆಂಟು ಕೋಳಿಯಾದರೆ ಒಂದೊಂದನ್ನೇ ಹಿಡಿದು ಸಿರಿಂಜಿನಲ್ಲಿ ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಬಿಡುವುದೇ ಮೇಲು. ನಾಲಗೆಯ ಬುಡದಲ್ಲೇ ಶ್ವಾಸದ ಬಾಯಿ ತೆರೆದಿರುತ್ತದೆ, ಒಮ್ಮೆಲೇ ಒತ್ತಿದರೆ ನೇರ ಅಲ್ಲಿಗೇ ಹೋದೀತು. ಆಮೇಲೆ ಬಾಟಲಿಯ ಮೇಲೆ ಬರೆದ ಅಥವಾ ವೈದ್ಯರು ಹೇಳಿದ ದಿನಗಳವರೆಗೆ ಆ ಮೊಟ್ಟೆ, ಮಾಂಸ ತಿನ್ನಬಾರದು, ಮಾರಲೂ ಬಾರದು. ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಔಷಧಿ ಕುಡಿಸಿ ಮಾರುವವರೂ ಇದ್ದಾರೆ. ಕೊಂಡವನಿಗೆ ಅದು ಗೊತ್ತಾಗುವುದೇ ಇಲ್ಲ.

ಬೇವು, ಬೆಳ್ಳುಳ್ಳಿ, ಪಪ್ಪಾಯಿ ಬೀಜದ ಮಾತು ಬಾರದೆ ಈ ವಿಷಯ ಮುಗಿಯದು. ಇವುಗಳಲ್ಲಿ ಏನೂ ಇಲ್ಲ ಎಂದು ತಳ್ಳಿಹಾಕಲಾರೆ. ಮಲೆನಾಡಿನವರು ನಗಬಹುದಾದ ಸಂಗತಿಯೊಂದಿದೆ: ನಮ್ಮ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶವನ್ನು ನ್ಯೂಜಿಲೆಂಡ್, ಟಾಸ್ಮೇನಿಯಾಗಳಲ್ಲಿ ನಾಯಿಗಳ ಲಾಡಿಹುಳು ಇಳಿಸಲು ಸರ್ಕಾರಿ ಆಂದೋಲನದಲ್ಲೇ ಬಳಸಿದ್ದರು. ಹಾಗೆಂದು ಕೋಳಿಗೆ ಅಡಿಕೆ ಅರೆದು ಕುಡಿಸಿದರೆ ಹುಳುವಿಗಿಂತ ಮೊದಲು ಕೋಳಿಯೇ ಹೋದೀತು. ಗಿಡಮೂಲಿಕೆಯ ತೊಡಕು ಇದೇ: ಎಷ್ಟು ಕೊಟ್ಟರೆ ಹುಳುವಿಗೆ ಸಾಕು, ಎಷ್ಟಾದರೆ ಕೋಳಿಗೆ ಹೆಚ್ಚು ಎಂಬ ಗೆರೆ ಎಲೆಯಿಂದ ಎಲೆಗೆ ಬದಲಾಗುತ್ತದೆ. ಮೈತುಂಬ ಹುಳುವಾಗಿ ಸೊರಗಿದ ಮರಿಗೆ ಬೇವಿನ ಕಷಾಯ ಕುಡಿಸುತ್ತ ವಾರ ಕಳೆಯುವುದು ಸರಿಯಲ್ಲ. ನುಗ್ಗೆಸೊಪ್ಪು ಹೆಚ್ಚಿ ಹಾಕಿ, ಅದರಿಂದ ಖಂಡಿತ ಉಪಯೋಗವಿದೆ: ಎ ಜೀವಸತ್ವ ಕಡಿಮೆಯಾದ ಕೋಳಿಯಲ್ಲಿ ದುಂಡುಹುಳು ಬೇಗ ನೆಲೆಯೂರುತ್ತದೆ.

ಸಮಯ ಯಾವುದು? ಮರಿಗಳಿಗೆ ಎಂಟು ವಾರ ತುಂಬುವಾಗ ಕೊಕ್ಕರೆ ರೋಗದ ಎರಡನೆಯ ಲಸಿಕೆ ಬೀಳುತ್ತದೆ. ಅದಕ್ಕೆ ವಾರ ಮೊದಲು ಹುಳು ಇಳಿಸಿದರೆ ಲಸಿಕೆಯೂ ಚೆನ್ನಾಗಿ ಹಿಡಿಯುತ್ತದೆ, ಹುಳು ಹೆಚ್ಚಾಗಿ ಕಾಡುವ ವಯಸ್ಸೂ ಅದೇ. ಆಮೇಲೆ ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಎಂಬುದು ಒಪ್ಪುವ ಲೆಕ್ಕ. ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಕೊಡುತ್ತ ಹೋಗುವುದರ ಫಲ ಏನೆಂದು ಕುರಿ ಸಾಕುವವರನ್ನು ಕೇಳಿ. ಔಷಧಿಗೆ ಬಗ್ಗದ ಹುಳುಗಳು ಕುರಿಗಳಲ್ಲಿ ಬಂದು ಎಷ್ಟೋ ಕಾಲವಾಯಿತು. ಅಮೆರಿಕದ ಟರ್ಕಿಗಳ ದುಂಡುಹುಳುವೂ ಈಚಿನ ವರ್ಷಗಳಲ್ಲಿ ಫೆನ್‌ಬೆಂಡಜೋಲ್‌ಗೆ ತಲೆಬಾಗದೆ ನಿಂತಿದೆ.

ಔಷಧಿ ಕುಡಿದ ಕೋಳಿ ಅದೇ ತಿಪ್ಪೆಗೆ ಮರಳಿದರೆ ತಿಂಗಳೆರಡರಲ್ಲಿ ಮತ್ತೆ ಮೊದಲಿನಂತೆ. ಹಾಗಾಗಿ ಇನ್ನುಳಿದ ಕೆಲಸವೆಲ್ಲ ಪೊರಕೆ, ಸಲಿಕೆಯದು. ಹುಳುವಿನ ಮೊಟ್ಟೆ ಪಕ್ವವಾಗಲು ಕನಿಷ್ಠ ಹತ್ತು ದಿನ ಬೇಕಷ್ಟೆ? ಕೋಳಿ ರಾತ್ರಿಯೆಲ್ಲ ಕೂತು ಹಾಕುವ ಹಿಕ್ಕೆ ಒಂದೇ ಕಡೆ ಬೀಳುತ್ತದೆ, ಅದನ್ನು ವಾರಕ್ಕೆ ಎರಡು ಸಲ ಕೆರೆದು ತೆಗೆದರೆ ಬಹುಪಾಲು ಮೊಟ್ಟೆಗಳ ಕತೆ ಅಲ್ಲಿಗೇ ಮುಗಿಯಿತು. ಕೆರೆದ ಗೊಬ್ಬರವನ್ನು ಗುಡ್ಡೆ ಹಾಕಿ ಮುಚ್ಚಿಟ್ಟರೆ ಒಳಗಿನ ಕಾವಿಗೆ ಉಳಿದವೂ ಸಾಯುತ್ತವೆ; ಹಸಿಯಾಗಿ ಸೊಪ್ಪಿನ ಮಡಿಗೆ ಎರಚಿದರೆ ಕೋಳಿಗಳು ಅಲ್ಲೂ ಹೋಗಿ ಕೆದರುತ್ತವೆ. ಗೂಡಿನಲ್ಲಿ ಭತ್ತದ ಹೊಟ್ಟು ಹಾಸಿದ್ದರೆ ಆಗಾಗ ಮಗುಚಬೇಕು, ನೀರಿನ ಪಾತ್ರೆಯ ಸುತ್ತ ಒದ್ದೆಯಾದದ್ದನ್ನು ಎತ್ತಿ ಎಸೆಯಬೇಕು. ಸುಣ್ಣ ಎರಚುವುದು ತೇವ ಹೀರಲಿಕ್ಕೆ ಸರಿ, ಹುಳುವಿನ ಮೊಟ್ಟೆಯನ್ನು ಅದೇ ಕೊಲ್ಲುತ್ತದೆಂದು ನಂಬಿ ಕೂರಬೇಡಿ. ಕಾಳು ಕಡ್ಡಿಯನ್ನು ನೆಲಕ್ಕೆ ಚೆಲ್ಲುವ ಬದಲು ಮೊರಕ್ಕೋ ತಟ್ಟೆಗೋ ಹಾಕಿ. ಸಂತೆಯಿಂದ ತಂದ ಹ್ಯಾಟೆಯನ್ನು ಮಂಕರಿಯಡಿಯಲ್ಲೋ ಬೇರೆ ಗೂಡಿನಲ್ಲೋ ಎರಡು ವಾರ ಇಟ್ಟು, ಹುಳು ಇಳಿಸಿ ಆಮೇಲೆ ಹಿಂಡಿಗೆ ಬಿಡಿ. ಮರಿಗಳಿಗೆ ಸಾಧ್ಯವಾದರೆ ಹಳೆಯ ಕೋಳಿಗಳು ಓಡಾಡದ ಒಣ ಜಾಗ ಕೊಡಿ. ಇರುವೆ, ನೊಣ, ಜೀರುಂಡೆಯನ್ನು ಹಳ್ಳಿಮನೆಯಲ್ಲಿ ಯಾರೂ ಗೆಲ್ಲಲಾರರು. ಲಾಡಿಹುಳುವಿನ ಮಟ್ಟಿಗೆ ತಿಪ್ಪೆಯನ್ನು ಗೂಡಿನಿಂದ ದೂರವಿಡುವುದು, ಸುತ್ತ ಮುಳ್ಳೋ ಬಲೆಯೋ ಕಟ್ಟುವುದು, ಇಷ್ಟೇ ಕೈಯಲ್ಲಿರುವುದು.

ಔಷಧಿ ಬೇಕೋ ಬೇಡವೋ ಎಂಬ ಅನುಮಾನವಿದ್ದರೆ ಹಿಕ್ಕೆಯನ್ನೇ ಪರೀಕ್ಷೆಗೆ ಕೊಡಬಹುದು. ಉಪ್ಪಿನ ಗಾಢ ದ್ರಾವಣದಲ್ಲಿ ಕಲಕಿದಾಗ ಕಸ ತಳಕ್ಕಿಳಿದು ದುಂಡುಹುಳುಗಳ ಮೊಟ್ಟೆಗಳು ಮೇಲೆ ತೇಲುತ್ತವೆ, ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತಾರೆ. ಸೂಕ್ಷ್ಮದರ್ಶಕವಿರುವ ಪಶು ಆಸ್ಪತ್ರೆಯಲ್ಲಿ ಅರ್ಧ ಗಂಟೆಯ ಕೆಲಸ. ಎಣಿಕೆ ಸೊನ್ನೆ ಬಂದರೂ ಮರಿಹುಳುಗಳು ಪದರದಲ್ಲಿ ಬಲಿಯುತ್ತಿರಬಹುದು. ಮರಿಗಳು ಸೊರಗಿದ್ದರೆ ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿಸಬೇಕು. ಮಾದರಿಗೆ ನಾಲ್ಕೈದು ಕೋಳಿಗಳ ಆ ಬೆಳಗಿನ ಹಸಿ ಹಿಕ್ಕೆ, ಮಣ್ಣು ತಾಗದಂತೆ ಮೇಲಿನಿಂದ ತೆಗೆದದ್ದು, ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿ ಒಂದೆರಡು ಚಮಚದಷ್ಟಿದ್ದರೆ ಸಾಕು. ಬಿಸಿಲಿಗೆ ಒಣಗಲು ಬಿಡಬಾರದು. ಅಂದೇ ಕೊಡಲಾಗದಿದ್ದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಕೊಡಬಹುದು, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಮನೆಯವರಿಗೂ ಒಂದು ಮಾತು ಹೇಳಿಟ್ಟು.